ಗೇಟು ಖುಲ್ಲಾ ಇತ್ತು

ಆ ಬೆಳಿಗ್ಗೆ ನಾನು ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿದೆ. ಯಾದಗಿರಿಯಿಂದ ವಾಪಸು ಬರುವುದು ಎಷ್ಟು ಹೊತ್ತಾಗುತ್ತದೋ ಗೊತ್ತಿರಲಿಲ್ಲ. ಪಕ್ಕದ ಒಲೆಯಲ್ಲಿ ಪುಂಡಿಪಲ್ಯ ಕುದಿಯುತ್ತಿತ್ತು. ನಲ್ಲಿಯಲ್ಲಿ ನೀರು ಬರುವ ದಿನವಲ್ಲ, ಹಾಗಾಗಿ ಓಣಿ ಇನ್ನೂ ಸದ್ದು ಮಾಡಿರಲಿಲ್ಲ. ಬುದ್ಧ ಮಲಗಿದಂತೆ ಕಾಣುವ ನಮ್ಮ ಶಹಾಪುರದ ಗುಡ್ಡದ ಮೂಗಿನ ಮೇಲೆ ಆಗಷ್ಟೇ ಬಿಸಿಲು ಬಿದ್ದಿತ್ತು. ಅಡುಗೆಮನೆಯ ಕಿಟಕಿಯಿಂದ ನನಗೆ ಕಾಣುವುದು ಆ ಮೂಗು ಮಾತ್ರ. ಉಳಿದ ಬುದ್ಧನನ್ನು ಎದುರುಮನೆಯ ನೀರಿನ ಟ್ಯಾಂಕು ಮರೆ ಮಾಡಿದೆ.

ನನ್ನ ತಮ್ಮ ಹೊಸ್ತಿಲ ಬಳಿ ಕೂತು ಚಹಾ ಕುಡಿಯುತ್ತಿದ್ದ. ಲೋಟ ಎಡಗೈಯಲ್ಲಿತ್ತು. ಬಲಗೈಯ ಕೊನೆಯ ಎರಡು ಬೆರಳು ಮಡಚುವುದಿಲ್ಲ, ಮೊಣಕೈಯಿಂದ ಮಣಿಕಟ್ಟಿನವರೆಗೆ ಹೊಲಿಗೆಯ ಗುರುತಿದೆ. ಯಾರಾದರೂ ನೋಡಿದರೆ ಅವನು ಆ ಕೈಯನ್ನು ಅಂಗಿಯ ಕೆಳಗೆ ಸರಿಸುತ್ತಾನೆ. ನಾನು ನೋಡುವುದಿಲ್ಲ. ನೋಡದಂತೆ ನೋಡುವುದು ಅಕ್ಕಂದಿರಿಗೆ ಬರುವ ವಿದ್ಯೆ.

ಹಿಂದಿನ ಸಂಜೆ ಪಕ್ಕದ ಮನೆಯ ಕಾಕಿ ಮಜ್ಜಿಗೆ ಕೊಟ್ಟ ಪಾತ್ರೆ ತೊಳೆದಿಟ್ಟಿದ್ದೆ. "ಕೊಟ್ಟು ಬರ್ತೀಯೇನೋ?" ಎಂದೆ. ಅವನು ಹೋದ. ಒಲೆಯ ಮುಂದೆಯೇ ನನಗೆ ಕಾಕಿಯ ದನಿ ಕೇಳಿಸಿತು. ಅವರ ದನಿ ಕೇಳಿಸದ ಮನೆ ಆ ಓಣಿಯಲ್ಲಿ ಇಲ್ಲ.

"ಇಟ್ಟು ಹೋಗು ತಮ್ಮಾ ಅಲ್ಲೇ. ಹೋಗುವಾಗ ಗೇಟ್ ಹಾಕ್ಕೊಂಡು ಹೋಗಪ್ಪಾ. ನಿನ್ನ ಕೈಯಾಗ ಗೇಟ್ ಅಂದ್ರ ನಮಗ ಅಂಜಿಕಿನs ನೋಡು!"

ಆಮೇಲೆ ನಗು. ಕಾಕಿ ಕೆಟ್ಟವರಲ್ಲ. ನನ್ನ ತಮ್ಮ ಊರಿಗೆ ಬಂದ ವಾರ ಅವನ ಬ್ಯಾಂಡೇಜಿಗೆ ತಮ್ಮ ಹಳೆಯ ಮೆತ್ತನೆಯ ಸೀರೆ ಹರಿದು ಕೊಟ್ಟವರು ಅವರೇ. ಆದರೆ ಬಾಯಿಗೆ ಬಂದ ಮಾತನ್ನು ಒಳಗಿಟ್ಟುಕೊಳ್ಳುವುದು ಅವರಿಂದ ಆಗದು.

ತಮ್ಮ ಬಂದು ಮತ್ತೆ ಅಲ್ಲೇ ಕೂತ. ಉಳಿದ ಚಹಾ ಕುಡಿಯಲಿಲ್ಲ. ಕಾಕಿಯ ಕಬ್ಬಿಣದ ಗೇಟು ಗಾಳಿಗೆ ಹಿಂದಕ್ಕೂ ಮುಂದಕ್ಕೂ ಬಡಿದುಕೊಳ್ಳುತ್ತಿತ್ತು.

"ಹಾಕಿದ್ನೆವಾ ಅಕ್ಕಾ," ಎಂದ ಮೆಲ್ಲಗೆ, ನಾನು ಕೇಳದಿದ್ದರೂ. "ನಾ ಹಾಕೇ ಬಂದೀನಿ."

ಈ ಮಾತು ಎಲ್ಲಿಂದ ಬಂತು ಎಂದು ಹೇಳಬೇಕು.

ಅವನು ನಲವತ್ತು ದಾಟಿದವನು. ಹಲವು ವರ್ಷ ಸಮುದ್ರದಾಚೆಯ ಒಂದು ಊರಿನಲ್ಲಿ, ನಮ್ಮ ದೇಶದ ದೂತ ಕಚೇರಿಯಲ್ಲಿ ಡ್ರೈವರ್ ಆಗಿದ್ದ. ಕೆಲಸ ಸಿಕ್ಕಾಗ ಸುರಪುರದಲ್ಲಿದ್ದ ನಮ್ಮ ಅವ್ವನಿಗೆ ದೂತ ಕಚೇರಿ ಎಂದರೇನೆಂದು ತಿಳಿಸಲು ನನಗೆ ಸಾಕಾಗಿತ್ತು. ಕೊನೆಗೆ ಅವಳೇ, "ಹಿಂದಕ್ಕ ನಮ್ಮ ಗುಡ್ಡದ ಮ್ಯಾಲಿನ ಬಂಗಲೆದಾಗ ಕಂಪನಿ ಸಾಹೇಬ ಇರ್ತಿದ್ನಲ್ಲ, ಹಂತಾದ್ದೇನು?" ಎಂದಳು. ಹೌದು ಎಂದೆ. "ಹಂಗಾದ್ರ ಜ್ವಾಕಿ ಇರಂತ ಹೇಳು. ಸಿಟ್ಟು ಬಂದ್ರ ಮಂದಿ ಮದಲ ಹಂತಾ ಮನಿಗೇ ಬರ್ತಾರ," ಎಂದಳು. ಒಮ್ಮೆ ಕಂಪನಿಯ ಮೇಲೆ ದಂಗೆ ಎದ್ದ ಸುರಪುರದ ಹೆಂಗಸಿಗೆ ಅದನ್ನು ಯಾರೂ ಕಲಿಸಬೇಕಿಲ್ಲ.

ಮಂದಿ ಬಂದರು. ಅವ್ವ ತೀರಿಹೋದ ಮೇಲೆ, ಒಂದು ಮಧ್ಯಾಹ್ನ. ಆ ದೇಶದ ಜಗಳ ಏನು, ಯಾರ ಮೇಲಿನ ಸಿಟ್ಟು ಎಂಬುದೆಲ್ಲ ಟಿವಿಯವರು ನಾಲ್ಕು ದಿನ ಹೇಳಿ ಬಿಟ್ಟರು. ನನಗೆ ಗೊತ್ತಿರುವುದು ತಮ್ಮ ಹೇಳಿದ್ದು ಮಾತ್ರ. ಹಿಂದಿನ ಗೇಟಿನ ಕೊಂಡಿ ಎರಡು ತಿಂಗಳಿಂದ ಮುರಿದಿತ್ತು. ಅವನು ಮೂರು ಸಲ ಬಾಯಲ್ಲಿ ಹೇಳಿದ್ದ, ಒಂದು ಸಲ ಗಾಡಿಯ ರಿಪೇರಿ ಚೀಟಿಯ ಕೆಳಗೆ ಬರೆದೂ ಕೊಟ್ಟಿದ್ದ. ಯಾರೂ ಕೊಂಡಿ ಹಾಕಿಸಲಿಲ್ಲ. ಗುಂಪು ಹಿಂದಿನಿಂದ ನುಗ್ಗಿದಾಗ ಅವನು ಅಂಗಳದಲ್ಲಿ ಕಾರು ಒರೆಸುತ್ತಿದ್ದ. ಓಡಿಹೋಗಿ ಬೆನ್ನು, ಭುಜ, ಕೈ ಎಲ್ಲ ಕೊಟ್ಟು ಗೇಟು ಒತ್ತಿ ಹಿಡಿದ. ಒಳಗಿನವರು ಮೇಲಿನ ಕೋಣೆಗೆ ಹತ್ತಿ ಬಾಗಿಲು ಹಾಕಿಕೊಳ್ಳುವಷ್ಟು ಹೊತ್ತು ಅದು ನಿಂತಿತು. ಆಮೇಲೆ ಕಾವಲು ಕೋಣೆಯ ಗಾಜು ಅವನ ಕೈಮೇಲೆ ಬಿತ್ತು.

ಆಸ್ಪತ್ರೆಯಲ್ಲಿದ್ದಾಗ ದೆಹಲಿಯಿಂದ ಯಾರೋ ಫೋನಿನಲ್ಲಿ ಅವನ ಹೇಳಿಕೆ ಬರೆದುಕೊಂಡರು. ಕೇಳಿದವರು ಉತ್ತರದ ಕಡೆಯವರು, ಅಚ್ಚ ಹಿಂದಿ. ಇವನದು ನಮ್ಮ ಸುರಪುರದ ಓಣಿಯ ಹಿಂದಿ, ಕಟ್ಟೆಯ ಮೇಲೆ ಸಾಬರ ಹುಡುಗರ ಜೊತೆ ಗೋಲಿ ಆಡುತ್ತ ಕಲಿತದ್ದು. "ಗೇಟ್ ಖುಲ್ಲಾ ಥಾ ಸಾಬ್," ಎಂದ. ಗೇಟು ತೆರೆದೇ ಇತ್ತು ಎಂದು. ನಾವು ಕನ್ನಡದಲ್ಲೂ ಹಾಗೇ ಅನ್ನುತ್ತೇವೆ: ಖುಲ್ಲಾ ಜಾಗ, ಖುಲ್ಲಾ ಮನಸ್ಸು. ಬರೆದುಕೊಂಡವರ ಕಿವಿಗೆ ಅದು "ಖೋಲಾ ಥಾ" ಎಂದು ಬಿತ್ತು. ನಾನೇ ತೆರೆದಿದ್ದೆ ಎಂದು. ಖು ಇದ್ದದ್ದು ಖೋ ಆಯಿತು, ಅಷ್ಟೇ.

ಮುಂದೆ ದೆಹಲಿಯ ಸದನದಲ್ಲಿ ಬೇರೆ ರಾಜ್ಯದ ಸದಸ್ಯರೊಬ್ಬರು ಈ ದಾಳಿಯ ಬಗ್ಗೆ ಕೇಳಿದರು. ಲಿಖಿತ ಉತ್ತರ ಬಂತು. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಝೆರಾಕ್ಸ್ ಅಂಗಡಿಯಲ್ಲಿ ಅದರ ಪ್ರತಿ ತೆಗೆಸಿಕೊಂಡು ಬಂದರು. ಅರ್ಧ ಪುಟ. ಅದರಲ್ಲಿ ಮುರಿದ ಕೊಂಡಿಯ ಮಾತಿಲ್ಲ, ಚೀಟಿಯ ಮಾತಿಲ್ಲ. ಗುತ್ತಿಗೆಯ ಚಾಲಕನೇ ಹಿಂದಿನ ಗೇಟು ತೆರೆದಿದ್ದಾಗಿ ಒಪ್ಪಿಕೊಂಡಿದ್ದಾನೆ, ಅವನನ್ನು ಕೆಲಸದಿಂದ ಬಿಡಿಸಲಾಗಿದೆ ಎಂದಿತ್ತು. ಪತ್ರಿಕೆಯ ಒಳಪುಟದಲ್ಲಿ ಅದೇ ನಾಲ್ಕು ಸಾಲಾಗಿ ಬಂತು. ನಮ್ಮ ಓಣಿಗೆ ನಾಲ್ಕು ಸಾಲು ಬೇಕಾದಷ್ಟಾಯಿತು. ತಮ್ಮ 'ಗೇಟ್ ತೆಗದಂವ' ಆದ.

ನಾನು ಆ ಅರ್ಧ ಪುಟವನ್ನು ಎಷ್ಟು ಸಲ ಓದಿದೆನೋ. ಓದಿದಾಗಲೆಲ್ಲ ಯಾದಗಿರಿಯ ಕಾನ್ವೆಂಟಿನ ನಮ್ಮ ಸಿಸ್ಟರ್ ನೆನಪಾದರು. ಐದನೇ ತರಗತಿಯಿಂದ ನಾನು ಅಲ್ಲಿ ಹಾಸ್ಟೆಲಿನಲ್ಲಿದ್ದೆ. ಕೇಳಿದ ಪ್ರಶ್ನೆಯ ಮಾತನ್ನೇ ಹಿಡಿದು ಉತ್ತರ ಶುರುವಾಗಬೇಕು ಎಂಬುದು ಅವರ ಕಟ್ಟಳೆ. 'ಗೊತ್ತಿಲ್ಲ' ಎಂದು ಬರೆದರೆ ಸಿಟ್ಟಾಗುತ್ತಿರಲಿಲ್ಲ. ಕೇಳಿದ್ದನ್ನು ಬಿಟ್ಟು ಬೇರೆ ಬರೆದರೆ ಮಾತ್ರ ಇಡೀ ಪುಟಕ್ಕೆ ಕೆಂಪು ಗೆರೆ. ಕಾವಲು ಯಾಕೆ ತಪ್ಪಿತು ಎಂದು ಕೇಳಿದರೆ ಒಬ್ಬ ಡ್ರೈವರನನ್ನು ತೋರಿಸಿದ ಆ ಉತ್ತರಕ್ಕೆ ಅವರು ಸೊನ್ನೆ ಕೊಡುತ್ತಿದ್ದರು. ಸೊನ್ನೆ ಕೊಟ್ಟು ಮತ್ತೊಮ್ಮೆ ಬರೆಸುತ್ತಿದ್ದರು. ನಾನೂ ಮತ್ತೊಮ್ಮೆ ಬರೆಸಬೇಕು ಎಂದುಕೊಂಡೆ.

ಬರೆಸಬೇಕಾದವರು ನಮ್ಮ ಎಂಪಿ. ನಾವು ಓಟು ಹಾಕಿ ಕಳಿಸಿದವರು ಅಲ್ಲಿ ಕೂತಿರುವುದು ಕೇಳುವುದಕ್ಕೇ ಅಲ್ಲವೇ? ಅವರು ಆ ದಿನ ಯಾದಗಿರಿಯಲ್ಲಿ ಜನರ ಅಹವಾಲು ಕೇಳುತ್ತಾರೆ ಎಂದು ಗೊತ್ತಾಯಿತು. ಒಂದು ಗೀಟಿನ ಹಾಳೆಗೆ ಕೆಂಪು ಪೆನ್ನಿನಲ್ಲಿ ಅಂಚು ಎಳೆದು, ಮೇಲೆ 'ಪ್ರಶ್ನೆ' ಎಂದು ಬರೆದು, ಕೆಳಗೆ ಮೂರೇ ಸಾಲು ಬರೆದೆ. ಹಿಂದಿನ ಗೇಟಿನ ಕೊಂಡಿ ಮುರಿದದ್ದು ಯಾರಿಗೆ, ಯಾವಾಗ ಗೊತ್ತಾಯಿತು? ಚಾಲಕ ರಿಪೇರಿ ಚೀಟಿಯಲ್ಲಿ ಬರೆದು ಕೊಟ್ಟ ಮೇಲೂ ಯಾಕೆ ಸರಿ ಮಾಡಿಸಲಿಲ್ಲ? ಚಾಲಕನ ಹೇಳಿಕೆಯನ್ನು ಅವನಿಗೆ ಓದಿ ತೋರಿಸಿದವರು ಯಾರು?

ಕಾಕಿಯ ಆ ನಗು ಕೇಳಿದ ಮೇಲೆ ನಾನು ಸೀರೆಗೆ ಇಸ್ತ್ರಿ ಹಾಕಿಕೊಂಡೆ.

"ನೀನೂ ಬಾ," ಎಂದೆ ತಮ್ಮನಿಗೆ.

"ಬ್ಯಾಡ ಅಕ್ಕಾ. ಅಲ್ಲೂ ಯಾರಾದ್ರೂ ಗೇಟಿನ ಮಾತಾಡ್ತಾರ."

"ಆಡಲಿ. ಅದಕ್ಕೇ ಹೊಂಟೀನಿ."

ಮನೆಯವರು ಬಸ್ ಸ್ಟ್ಯಾಂಡಿನವರೆಗೆ ಬೈಕಿನಲ್ಲಿ ಬಿಟ್ಟರು. "ಹೋಗಬ್ಯಾಡ ಅನ್ನಂಗಿಲ್ಲ," ಎಂದರು. "ಆದ್ರ ನಿನ್ನ ದನಿ ಮೂರನೇ ಬೆಂಚಿಗೂ ಮುಟ್ಟಂಗಿಲ್ಲ ನೋಡು."

ಅದು ನಿಜ. ನನ್ನ ದನಿ ಸಣ್ಣದು. ಸಣ್ಣ ದನಿಯವರು ಅವಸರ ಮಾಡಬಾರದು ಎನ್ನುತ್ತಿದ್ದರು ಸಿಸ್ಟರ್. ನಿಧಾನ ಮಾತಾಡಿದರೆ ಉಳಿದವರೇ ಸುಮ್ಮನಾಗುತ್ತಾರಂತೆ. ಬಸ್ಸಿನಲ್ಲಿ ಕಿಟಕಿಯ ಬದಿ ಕೂತು, ಭತ್ತದ ಗದ್ದೆಗಳನ್ನು ನೋಡುತ್ತ ಮೂರು ಸಾಲುಗಳನ್ನು ಬಾಯೊಳಗೇ ನಿಧಾನವಾಗಿ ಹೇಳಿಕೊಂಡೆ. ಭೀಮಾ ನದಿಯ ಸೇತುವೆ ಬಂದಾಗ ನಾಲ್ಕನೇ ಸಲ ಹೇಳುತ್ತಿದ್ದೆ.

ಸಭಾಭವನದ ಹೊರಗೆ ಒಂದು ಮೇಜು. ಅದರ ಹಿಂದೆ ಯಾಲಕ್ಕಿ ಅಗಿಯುತ್ತಿದ್ದ ಆಪ್ತ ಸಹಾಯಕ, ಮುಂದೆ ದೊಡ್ಡ ರಿಜಿಸ್ಟರು. ಅದರಲ್ಲಿ ಖಾನೆಗಳು: ರಸ್ತೆ, ನೀರು, ಮನೆ, ಪಿಂಚಣಿ, ಇತರೆ. ಸಾಲಿನಲ್ಲಿ ನನ್ನ ಮುಂದೆ ಹುಣಸಗಿ ಕಡೆಯ ರೈತರೊಬ್ಬರಿದ್ದರು. ಬಿಳಿ ಟೋಪಿ, ಹೆಗಲ ಮೇಲೆ ಟವೆಲು, ಕೈಯಲ್ಲಿ ಕಾಲುವೆಯ ಫೋಟೊಗಳು.

"ನಿಮ್ದೇನ್ ಕೆಲಸರಿ ಅಕ್ಕಾರ?"

"ಪ್ರಶ್ನೆ ಅದರಿ."

"ಪ್ರಶ್ನಿ?" ಅವರು ಹಿಂದೆ ಮುಂದೆ ನೋಡಿದರು. "ಇಲ್ಲಿ ಪರೀಕ್ಷಾ ನಡದಿಲ್ಲಲ್ರಿ! ನಾ ಮತ್ತೇನೂ ಓದ್ಕೊಂಡು ಬಂದಿಲ್ಲ."

ಸಾಲಿನವರು ನಕ್ಕರು. ನನಗೂ ನಗು ಬಂತು. ನನ್ನ ಸರದಿ ಬಂದಾಗ ಸಹಾಯಕ ನನ್ನ ಹಾಳೆಯನ್ನು ನೋಡಿ, ಓದದೆ, 'ಪ್ರಶ್ನೆ' ಎಂಬುದನ್ನು ಹೊಡೆದು ಅದರ ಮೇಲೆ 'ಮನವಿ' ಎಂದು ಬರೆದ.

"ಯಾಕ್ರಿ ತಿದ್ದಿದ್ರಿ?"

"ಎಲ್ಲಾ ಮನವಿನೇ ಬರ್ತಾವ್ರಿ ಮೇಡಂ. ಪರಿಹಾರದ್ದಲ್ಲ? ಇತರೆದಾಗ ಹಾಕ್ತೀನಿ."

"ಪರಿಹಾರದ್ದಲ್ರಿ. ನಾ ಏನೂ ಬೇಡಾಕ ಬಂದಿಲ್ಲ, ಕೇಳಾಕ ಬಂದೀನಿ. ನೀವು ತಿದ್ದಿದ್ದನ್ನ ನೀವೇ ಸರಿ ಮಾಡ್ರಿ."

ಆತ ನನ್ನ ಮುಖ ನೋಡಿದ. ನಾನು ಮೇಜಿನ ಅಂಚಿನ ಮೇಲೆ ಎರಡೂ ಕೈ ಇಟ್ಟು ನಿಂತೇ ಇದ್ದೆ. ಹಿಂದಿನವರು ಗೊಣಗತೊಡಗಿದರು. ಹುಣಸಗಿಯ ರೈತರು ಪಕ್ಕಕ್ಕೆ ಸರಿದವರು ಹೋಗದೆ ಅಲ್ಲೇ ನಿಂತು, "ಬರದು ಬಿಡ್ರಿ ಸಾಹೇಬ್ರ, ಒಂದು ಶಬ್ದಕ್ಕ ಏನು ಭಾರ," ಎಂದರು. ಆತ ಮನವಿಯನ್ನು ಹೊಡೆದು, ಸಿಟ್ಟಿನಿಂದ ದೊಡ್ಡದಾಗಿ 'ಪ್ರಶ್ನೆ' ಎಂದು ಬರೆದ. ನನ್ನ ಒಪ್ಪವಾದ ಹಾಳೆ ಕೆಟ್ಟಿತ್ತು. ಇರಲಿ ಎನಿಸಿತು.

ಒಳಗೆ ಸೆಕೆ. ಫ್ಯಾನುಗಳು ತಿರುಗುತ್ತಿದ್ದರೂ ಗಾಳಿ ಕೆಳಗೆ ಇಳಿಯುತ್ತಿರಲಿಲ್ಲ. ಎಂಪಿ ಸಾಹೇಬರು ವೇದಿಕೆಯ ಮೇಲಲ್ಲ, ಕೆಳಗೆ ಉದ್ದನೆಯ ಮೇಜಿನ ಹಿಂದೆ ಕೂತಿದ್ದರು. ಅವರೂ ಇದೇ ನೆಲದವರು. ಒಬ್ಬೊಬ್ಬರಿಗೂ ಕೈಮುಗಿದು, "ಏನವಾ, ಏನಪಾ" ಎಂದು ಕೇಳುತ್ತಿದ್ದರು. ದೂತ ಕಚೇರಿಯ ಆ ಚಾಲಕ ನನ್ನ ತಮ್ಮ ಎಂದು ಹೇಳಿ ಹಾಳೆ ಕೊಟ್ಟೆ, ಓದಿದರು. ಪೂರ್ತಿ ಓದಿದರು, ಅದನ್ನು ನಾನು ಅವರ ಲೆಕ್ಕಕ್ಕೆ ಹಾಕುತ್ತೇನೆ.

"ಭಾಳ ಕೆಟ್ಟ ಆತವಾ. ನಿಮ್ಮ ತಮ್ಮಗ ಏನಾದ್ರೂ ಪರಿಹಾರ ಕೊಡಸೋಣ. ಇಲ್ಲೇ ಯಾವುದಾದ್ರೂ ಕೆಲಸ..."

"ಬ್ಯಾಡ್ರಿ ಸಾಹೇಬ್ರ," ಎಂದೆ, ನಿಧಾನವಾಗಿ. "ಅಂವಗ ಕೆಲಸ ಅಂವ ಹುಡುಕ್ಕೋತಾನ. ಸದನದಾಗ ಅಂವ ಗೇಟ್ ತೆಗದಾನ ಅಂತ ಹೇಳ್ಯಾರ. ಅಂವ ತೆಗದಿಲ್ಲ. ಎಲ್ಲಿ ಹೇಳ್ಯಾರೋ ಅಲ್ಲೇ ತಿದ್ದಬೇಕು. ಅಲ್ಲಿ ನಾವು ಹೋಗಂಗಿಲ್ಲ, ನೀವು ಹೋಗ್ತೀರಿ."

"ಆದ್ರ ಅಂವನೇ ಹೇಳಿಕಿ ಕೊಟ್ಟಾನಲ್ಲವಾ. ಸರ್ಕಾರದ ಕಾಗದದಾಗ ಬಂದದ."

ಅವರು ಕರ್ಚೀಫಿನಿಂದ ಕತ್ತು ಒರೆಸಿಕೊಂಡರು. ಅವರ ಬಲಕ್ಕೆ, ಗೋಡೆಯ ಬದಿಯ ಬಾಗಿಲಿನ ಒಂದು ಕದ ಗೋಡೆಗೆ ಒರಗಿತ್ತು. ನಾನು ಒಳಗೆ ಬಂದಾಗಿನಿಂದ ಅದನ್ನೇ ನೋಡುತ್ತಿದ್ದೆ: ಅದರ ಕೆಳಗಿನ ಚಿಲಕಕ್ಕೆ ಮೊಳೆ ಇರಲಿಲ್ಲ.

"ಸಾಹೇಬ್ರ, ಆ ಬಾಗಲಾ ಹೆಂಗದ ನೋಡ್ರಿ?"

ಅವರು ತಿರುಗಿ ನೋಡಿದರು. "ಹೆಂಗದಂದ್ರ? ಖುಲ್ಲಾ ಅದ."

"ಯಾರು ತೆಗದಾರ್ರಿ?"

"ನನಗೇನು ಗೊತ್ತವಾ? ನಾ ಬಂದಾಗ ಖುಲ್ಲಾನೇ ಇತ್ತು."

"ನಮ್ಮ ತಮ್ಮ ಹೇಳಿದ್ದೂ ಇಷ್ಟೇರಿ. 'ಗೇಟ್ ಖುಲ್ಲಾ ಥಾ.' ಬರಕೊಂಡವರು ಖೋಲಾ ಅಂತ ಬರಕೊಂಡ್ರು. ನೀವು ಈಗ ಖುಲ್ಲಾ ಅಂದ್ರಿ. ನಾಳೆ ಪೇಪರಿನ್ಯಾಗ 'ಎಂಪಿ ಬಾಗಲಾ ತೆಗದಾರ' ಅಂತ ಬಂದ್ರ ನೀವು ಸುಮ್ಮನಿರ್ತೀರೇನ್ರಿ?"

ಹಿಂದಿನಿಂದ ಹುಣಸಗಿಯ ರೈತರ ದನಿ ಬಂತು: "ಅಕ್ಕಾರು ಪರೀಕ್ಷಾನೇ ತಗೊಂಡ್ರಲ್ಲೋ ಮಾರಾಯ!" ಇಡೀ ಭವನ ನಕ್ಕಿತು. ನಕ್ಕವರಲ್ಲಿ ಯಾರಿಗೂ ಖುಲ್ಲಾಕ್ಕೂ ಖೋಲಾಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಿರಲಿಲ್ಲ. ಈ ಜಿಲ್ಲೆಯಲ್ಲಿ ಅದನ್ನು ತಪ್ಪು ಕೇಳಿಸಿಕೊಳ್ಳುವವರು ಯಾರೂ ಇಲ್ಲ. ದೆಹಲಿಯಲ್ಲಿ ಇದ್ದರು, ಅದಕ್ಕೇ ನಾನು ಇಲ್ಲಿಗೆ ಬಂದಿದ್ದೆ.

ಸಾಹೇಬರು ನಗಲಿಲ್ಲ. ಹಾಳೆಯನ್ನು ಮತ್ತೊಮ್ಮೆ ಎತ್ತಿಕೊಂಡು, "ಈ ರಿಪೇರಿ ಚೀಟಿ ಅಂತೀರಲ್ಲ, ಅದರ ನಕಲು ಅದೇನು?" ಎಂದರು.

ಇತ್ತು. ತಮ್ಮ ಅದನ್ನು ಬರೆದ ದಿನ ಫೋನಿನಲ್ಲಿ ಫೋಟೊ ತೆಗೆದು ಹೆಂಡತಿಗೆ ಕಳಿಸಿದ್ದ, ಅಕ್ಷರ ಸರಿ ಇದೆಯೇ ನೋಡು ಎಂದು. ಅವಳು ಸುರಪುರದಲ್ಲಿ ಅಂಗನವಾಡಿ ನಡೆಸುವವಳು; ಕೈಯ ಚಿಕಿತ್ಸೆಗೆಂದು ಇವನು ನಮ್ಮಲ್ಲಿದ್ದ. ಅವನ ಕಾಗುಣಿತವನ್ನು ಯಾವಾಗಲೂ ತಿದ್ದುವವಳು. ಆ ಫೋಟೊದ ಪ್ರತಿಯನ್ನು ಕೊಟ್ಟೆ. 'ಪೀಛೆ ಕಾ ಗೇಟ್ ಖುಲ್ಲಾ ರಹತಾ, ಕೊಂಡಿ ಟೂಟಾ', ಹಿಂದಿನ ಗೇಟು ತೆರೆದೇ ಇರುತ್ತದೆ, ಕೊಂಡಿ ಮುರಿದಿದೆ ಎಂದು ಇವನ ಓರೆ ಅಕ್ಷರದಲ್ಲಿ, ಕನ್ನಡದ ಕೊಂಡಿಯನ್ನೂ ಹಿಂದಿಯೊಳಗೆ ಹಾಕಿ ಬರೆದದ್ದು. ಅವರು ಬಹಳ ಹೊತ್ತು ನೋಡಿದರು.

"ಕೇಳ್ತೀನವಾ," ಎಂದರು.

"ಯಾವಾಗ್ರಿ?"

"ಮುಂದಿನ ಅಧಿವೇಶನದಾಗ."

"ಹಂಗಂತ ಇದರ ಮ್ಯಾಲೆ ಬರದು ಸಹಿ ಮಾಡ್ರಿ."

ಒಳಗೆ ಬಂದು ನಿಂತಿದ್ದ ಆಪ್ತ ಸಹಾಯಕ ಯಾಲಕ್ಕಿ ಅಗಿಯುವುದನ್ನು ನಿಲ್ಲಿಸಿದ. ಸಾಹೇಬರ ಮುಖ ಸ್ವಲ್ಪ ಬಿಗಿಯಿತು. ನಾನು ಹಾಳೆಯನ್ನು ಅವರ ಕಡೆಗೆ ಸರಿಸಿದೆ. ಅವರು ಬರೆದರು. 'ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆ ಕೇಳಲಾಗುವುದು.' ನಾನು ಓದಿ ನೋಡಿದೆ. "ಕೇಳಲಾಗುವುದು ಬ್ಯಾಡ್ರಿ, ಕೇಳುತ್ತೇನೆ ಅಂತ ಬರೀರಿ," ಎಂದೆ. ಯಾರು ಮಾಡಿದರು ಎಂದು ಹೇಳದ ವಾಕ್ಯಗಳಿಂದಲೇ ನಮಗೆ ಇಷ್ಟಾಗಿತ್ತು. ಅವರು ನನ್ನನ್ನು ನೋಡಿ, ಈ ಸಲ ನಕ್ಕು, ತಿದ್ದಿದರು.

"ಕೇಳದಿದ್ರ ನಾ ಪ್ರತಿ ಸಭಾಕ್ಕೂ ಬರ್ತೀನ್ರಿ," ಎಂದೆ. ಸಹಾಯಕ ಹಾಳೆಯ ಫೋಟೊ ತೆಗೆದುಕೊಂಡ ಮೇಲೆ ಅದನ್ನು ವಾಪಸು ಪಡೆದು, ಕೈಮುಗಿದು ಹೊರಬಂದೆ.

ಉತ್ತರ ಬರುತ್ತದೋ ಇಲ್ಲವೋ ನನಗೆ ಆಗ ಗೊತ್ತಿರಲಿಲ್ಲ. ಬಂದರೂ ಮತ್ತೆ ಬೇರೆ ಏನನ್ನೋ ಬರೆಯಬಹುದು. ಬರೆದರೆ ಮತ್ತೆ ಕೆಂಪು ಗೆರೆ ಎಳೆದು ವಾಪಸು ಕಳಿಸುವುದು. ಮನೆಗೆಲಸ ಮಾಡುವವರಿಗೆ ಮಾಡಿದ್ದನ್ನೇ ಮತ್ತೆ ಮಾಡುವುದು ಹೊಸದಲ್ಲ. ನಿನ್ನೆ ತೊಳೆದ ಪಾತ್ರೆಯನ್ನೇ ನಾವು ಇವತ್ತೂ ತೊಳೆಯುತ್ತೇವೆ, ಅದಕ್ಕೆ ಯಾರೂ ಹಟ ಎನ್ನುವುದಿಲ್ಲ.

ಬಸ್ಸಿಗೆ ಕಾಯುವಾಗ ರೈತರು ಬಂದು ಪಕ್ಕದಲ್ಲಿ ನಿಂತರು. "ವಿಡಿಯೊ ಮಾಡೀನ್ರಿ ಅಕ್ಕಾರ. ನಮ್ಮ ಗ್ರೂಪಿಗೆ ಹಾಕೀನಿ. ಸಿಟ್ಟಿಲ್ಲಲ್ಲ?" ಎಂದರು. ಸಿಟ್ಟಿಲ್ಲ ಎಂದೆ. "ಮತ್ತ ನಿಮ್ಮ ಕಾಲುವಿದು ಏನಾತ್ರಿ?" ಎಂದು ಕೇಳಿದೆ. "ಅದು ಮನವಿರಿ. ಮುಂದಿನ ಸಲ ನಾನೂ ಪ್ರಶ್ನಿ ಅಂತ ಬರಸ್ತೀನಿ."

ನಾನು ಮನೆ ಮುಟ್ಟಿದಾಗ ಸಂಜೆಯಾಗಿತ್ತು. ವಿಡಿಯೊ ನನಗಿಂತ ಮೊದಲೇ ಮುಟ್ಟಿತ್ತು. ಹುಣಸಗಿಯಿಂದ ಸುರಪುರಕ್ಕೆ, ಅಲ್ಲಿಂದ ತಮ್ಮನ ಹೆಂಡತಿಗೆ, ಅವಳಿಂದ ತಮ್ಮನಿಗೆ, ಇನ್ನು ಯಾವ ದಾರಿಯಿಂದಲೋ ಓಣಿಗೆಲ್ಲ. ತಮ್ಮ ಕಟ್ಟೆಯ ಮೇಲೆ ಕೂತಿದ್ದ. ಊರಿಗೆ ಬಂದ ಮೇಲೆ ಅವನು ಹೊರಗಿನ ಕಟ್ಟೆಯ ಮೇಲೆ ಕೂತದ್ದನ್ನು ನಾನು ನೋಡಿರಲಿಲ್ಲ. ಬಲಗೈ ಮೊಣಕಾಲಿನ ಮೇಲಿತ್ತು, ಅಂಗಿಯ ಹೊರಗೆ.

"ರೊಟ್ಟಿ ತಿಂದ್ಯೇನೋ?"

"ತಿಂದೆ. ನಾಲ್ಕೂ ತಿಂದೆ." ಆಮೇಲೆ, ಮುಖ ಬೇರೆ ಕಡೆ ತಿರುಗಿಸಿ, "ಎಂಪಿ ಸಾಹೇಬ್ರ ಕಡೀಂದ ವಾಕ್ಯಾ ತಿದ್ದಿಸಿದ್ಯಾ ಅಕ್ಕಾ?" ಎಂದ. ಸಹಿಯಾದ ಹಾಳೆಯನ್ನು ಅವನ ಕೈಗೆ ಕೊಟ್ಟೆ. ಬಲಗೈಗೇ ಕೊಟ್ಟೆ. ಮೂರು ಬೆರಳಲ್ಲಿ ಹಿಡಿದುಕೊಂಡು ಓದಿದ.

ಅಷ್ಟರಲ್ಲಿ ಕಾಕಿ ಮೊರದಲ್ಲಿ ತೊಗರಿಬೇಳೆ ಕೇರುತ್ತ ತಮ್ಮ ಅಂಗಳಕ್ಕೆ ಬಂದರು. ಇಬ್ಬರನ್ನೂ ಒಮ್ಮೆ ನೋಡಿದರು. ವಿಡಿಯೊದ ಮಾತು ಎತ್ತಲಿಲ್ಲ. ಬೆಳಗಿನ ಮಾತನ್ನೂ ಎತ್ತಲಿಲ್ಲ. ಮೊರವನ್ನು ಎರಡು ಸಲ ಕೊಡವಿ, ಕಲ್ಲು ಆರಿಸಿ ಹೊರಗೆ ಎಸೆದು, ಒಳಗೆ ಹೋಗುತ್ತ ಬೆನ್ನು ತಿರುಗಿಸಿಯೇ ಅಂದರು:

"ತಮ್ಮಾ, ನಾಳೆ ಪುರಸೊತ್ತು ಆದ್ರ ನಮ್ಮ ಗೇಟಿನ ಕೊಂಡಿ ಒಂದೀಟು ನೋಡಪ್ಪಾ. ಯಾರೂ ತೆಗೀದs ಇದ್ರೂ ತಾನs ಖುಲ್ಲಾ ಆಗಾಕತ್ತದ."